ದೇವಾಲಯದ ಹಳೆಯ ಸೊತ್ತು ಮತ್ತು ಅದರ ರಕ್ಷಣೆಯ ಕಾನೂನುಗಳು: ಒಂದು ಚಾರಿತ್ರಿಕ ನೋಟ

ದೇವರ ಕೃಪೆಯಿಂದ ನಮ್ಮ ದೇವಾಲಯಕ್ಕೆ ಈ ವರ್ಷ ನೂರು ತುಂಬಿದೆ. ಅಡಿಗಲ್ಲು ಇಟ್ಟ ಗುರುಗಳ ಶ್ರಮವನ್ನೂ, ಕಲ್ಲು ಮಣ್ಣು ಹೊತ್ತ ಪೂರ್ವಿಕರ ಭಕ್ತಿಯನ್ನೂ ಈ ಸ್ಮರಣ ಸಂಚಿಕೆಯ ಇತರ ಲೇಖಕರು ಸವಿಸ್ತಾರವಾಗಿ ಬಣ್ಣಿಸಿರುವುದರಿಂದ ಅದನ್ನೇ ನಾವು ಮರಳಿ ಹೇಳಬೇಕಾಗಿಲ್ಲ. ನೂರು ವರ್ಷ ಎಂಬ ಈ ಸಂಖ್ಯೆಗೆ ನಮ್ಮ ದೇಶದ ಕಾನೂನಿನಲ್ಲಿಯೂ ಒಂದು ವಿಶೇಷ ಅರ್ಥವಿದೆ. ನಾವು ಇಲ್ಲಿ ಗಮನಕ್ಕೆ ತರಬಯಸುವುದು ಅದನ್ನು.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಚಾರಿತ್ರಿಕ ಅಥವಾ ಕಲಾತ್ಮಕ ಮಹತ್ವವುಳ್ಳ ಕಟ್ಟಡವೊಂದು ಪ್ರಾಚೀನ ಸ್ಮಾರಕವೆನಿಸಿಕೊಳ್ಳಲು ಅದಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. 1972ರ ಪುರಾತನ ವಸ್ತು ಹಾಗೂ ಕಲಾನಿಧಿಗಳ ಕಾಯ್ದೆಯೂ ಶಿಲ್ಪ, ಚಿತ್ರ, ಲೋಹದ ವಸ್ತು ಮೊದಲಾದವುಗಳಿಗೆ ನೂರು ವರ್ಷದ ಗಡಿಯನ್ನೇ ಹಾಕಿದೆ. ಹಸ್ತಪ್ರತಿ ಮತ್ತು ದಾಖಲೆ ಪತ್ರಗಳಿಗೆ ಎಪ್ಪತ್ತೈದು ವರ್ಷವೇ ಸಾಕು. ಹೀಗಾಗಿ ನಿನ್ನೆಯವರೆಗೆ ಬರಿಯ ಹಳೆಯ ವಸ್ತುಗಳಾಗಿದ್ದ ನಮ್ಮ ಪೂಜಾಪಾತ್ರೆ, ಗಂಟೆ, ಸ್ವರೂಪಗಳು ಈಗ ಕಾನೂನು ಪುರಾತನವೆಂದು ಕರೆಯುವ ವಯಸ್ಸನ್ನು ಮುಟ್ಟಿವೆ. ಮೊದಲ ಗುರುಗಳು ಬರೆದಿಟ್ಟ ಜ್ಞಾನಸ್ನಾನದ ದಫ್ತರವಂತೂ ಆ ವಯಸ್ಸನ್ನು ದಾಟಿ ಇಪ್ಪತ್ತೈದು ವರ್ಷಗಳೇ ಆದವು.

ಆದರೆ ಇದರಿಂದ ಅವು ಸುರಕ್ಷಿತವಾದವೆಂದು ತಿಳಿಯಬಾರದು. ನೂರು ತುಂಬಿದ ಕಟ್ಟಡಗಳನ್ನೆಲ್ಲ ಸರ್ಕಾರ ಕಾಯುವುದಿಲ್ಲ. ಪ್ರಕಟಣೆ ಹೊರಡಿಸಿ ಪಟ್ಟಿಗೆ ಸೇರಿಸಿದವುಗಳನ್ನು ಮಾತ್ರ ಕಾಯುತ್ತದೆ. ಇಡೀ ಭಾರತದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿರುವ ಸ್ಮಾರಕಗಳು ಸುಮಾರು 3,700. ನಮ್ಮ ರಾಜ್ಯದ 1961ರ ಕಾಯ್ದೆಯ ಅನ್ವಯ ರಾಜ್ಯ ಸರ್ಕಾರ ರಕ್ಷಿಸುವವು ಬೇರೆ ಇವೆ. ಊರೂರುಗಳಲ್ಲಿರುವ ಗುಡಿ, ಬಸದಿ, ಮಸೀದಿ, ಚರ್ಚುಗಳ ಸಂಖ್ಯೆಯ ಮುಂದೆ ಇದು ಎಷ್ಟು ಅಲ್ಪವೆಂಬುದನ್ನು ವಾಚಕರೇ ಊಹಿಸಬಹುದು. ಉಳಿದವುಗಳ ಕಾವಲು ಅವುಗಳನ್ನು ಬಳಸುವವರ ಪಾಲಿಗೇ ಬಿಟ್ಟದ್ದು. ನಮ್ಮ ದೇವಾಲಯವೂ ಈ ಉಳಿದವುಗಳಲ್ಲಿ ಒಂದು.

ಹಳೆಯ ಸೊತ್ತಿನ ರಕ್ಷಣೆ ಎಂಬುದು ಸರ್ಕಾರಿ ಇಲಾಖೆಯ ಕೆಲಸ, ಅದು ಇತ್ತೀಚಿನ ವಿದ್ಯಾವಂತರ ಶೋಕಿ ಎಂಬ ಮಾತು ನಮ್ಮ ಜನರಲ್ಲಿ ಆಗಾಗ್ಗೆ ಕೇಳಿಬರುತ್ತದೆ. ವಾಸ್ತವವಾಗಿ ಇಂತಹ ಕಾನೂನುಗಳ ಚರಿತ್ರೆಯಲ್ಲಿ ಮೊದಲ ಪುಟಗಳನ್ನು ಬರೆದವರಲ್ಲಿ ರೋಮಿನ ಜಗದ್ಗುರುಗಳು ಪ್ರಮುಖರು. 1462ರಲ್ಲಿ ಜಗದ್ಗುರು ಎರಡನೆಯ ಪಯಸ್ ಅವರು ಒಂದು ಆಜ್ಞಾಪತ್ರ ಹೊರಡಿಸಿ, ರೋಮಿನ ಪ್ರಾಚೀನ ಕಟ್ಟಡಗಳನ್ನಾಗಲಿ ಅವುಗಳ ಅವಶೇಷಗಳನ್ನಾಗಲಿ ಯಾರೂ ಕೆಡವಬಾರದು, ಅವು ಅವರವರ ಸ್ವಂತ ಜಮೀನಿನಲ್ಲಿದ್ದರೂ ಮುಟ್ಟಬಾರದು ಎಂದು ವಿಧಿಸಿದರು. ಆಗ ರೋಮಿನಲ್ಲಿ ಹಳೆಯ ಅಮೃತಶಿಲೆಯನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದೇ ಒಂದು ಕಸುಬಾಗಿತ್ತು. ಸಾಮ್ರಾಟರ ಪ್ರತಿಮೆಗಳೂ ಶಾಸನಗಳೂ ಹೊಸ ಮನೆಗಳ ಗೋಡೆಗೆ ಗಾರೆಯಾಗಿ ಹೋಗುತ್ತಿದ್ದವು.

ಆಜ್ಞೆ ಹೊರಟಿತೆಂಬ ಮಾತ್ರಕ್ಕೆ ಸುಲಿಗೆ ನಿಲ್ಲಲಿಲ್ಲ. ಚರಿತ್ರೆಯನ್ನು ಬರೆಯುವವರು ಇದನ್ನು ಮುಚ್ಚಿಡಲಾಗದು. ಕೊಲೊಸಿಯಂನಿಂದ ಕಲ್ಲು ಸಾಗುತ್ತಲೇ ಇತ್ತು. 1515ರಲ್ಲಿ ಜಗದ್ಗುರು ಹತ್ತನೆಯ ಲಿಯೋ ಅವರು ಮಹಾಚಿತ್ರಕಾರ ರಾಫೇಲನಿಗೆ ಒಂದು ಅಧಿಕಾರ ಕೊಟ್ಟರು. ಅವನ ಅಪ್ಪಣೆಯಿಲ್ಲದೆ ಅಕ್ಷರ ಕೆತ್ತಿದ ಯಾವ ಕಲ್ಲನ್ನೂ ಒಡೆಯಬಾರದೆಂಬುದು ಅದರ ಸಾರಾಂಶ. ಆದರೆ ಅದೇ ಪತ್ರದ ಮುಖ್ಯ ಉದ್ದೇಶ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ ಹಳೆಯ ಕಲ್ಲನ್ನು ಒದಗಿಸುವುದಾಗಿತ್ತು! ಮುಂದಿನ ಶತಮಾನದಲ್ಲಿ ಎಂಟನೆಯ ಅರ್ಬನ್ ಅವರು ಪ್ಯಾಂಥಿಯನ್ ಮುಖಮಂಟಪದ ಕಂಚನ್ನು ಕಿತ್ತು ಫಿರಂಗಿ ಎರಕ ಹೊಯ್ಯಿಸಿದ ಸಂಗತಿಯೂ ಪ್ರಸಿದ್ಧವಾಗಿದೆ. ಕಾಯುವವನೂ ಕೀಳುವವನೂ ಅನೇಕ ವೇಳೆ ಒಬ್ಬನೇ ಆಗಿರುತ್ತಾನೆ. ಇದು ರೋಮಿಗೆ ಮಾತ್ರ ಸಲ್ಲುವ ಮಾತಲ್ಲ.

ಕಾನೂನಿಗೆ ನಿಜವಾದ ಹಲ್ಲು ಮೂಡಿದ್ದು ದೊಡ್ಡ ನಷ್ಟವೊಂದು ಸಂಭವಿಸಿದ ಮೇಲೆ. 1797ರ ತೊಲೆಂತಿನೋ ಒಪ್ಪಂದದ ಪ್ರಕಾರ ಜಗದ್ಗುರುಗಳ ರಾಜ್ಯವು ನೂರು ಕಲಾಕೃತಿಗಳನ್ನೂ ಐನೂರು ಹಸ್ತಪ್ರತಿಗಳನ್ನೂ ನೆಪೋಲಿಯನ್ನನ ಸೈನ್ಯಕ್ಕೆ ಒಪ್ಪಿಸಬೇಕಾಯಿತು. ಅವುಗಳಲ್ಲಿ ರಾಫೇಲನ ಕೊನೆಯ ಕೃತಿಯಾದ ಯೇಸುಸ್ವಾಮಿಯ ರೂಪಾಂತರದ ಚಿತ್ರವೂ ಒಂದು. ಅದು ರೋಮಿನ ಮೊಂತೋರಿಯೋ ಗುಡ್ಡದ ಸಂತ ಪೇತ್ರರ ದೇವಾಲಯದ ಬಲಿಪೀಠದ ಮೇಲಿತ್ತು. ನೆಪೋಲಿಯನ್ನನ ಪತನಾನಂತರ 1815ರಲ್ಲಿ ಶಿಲ್ಪಿ ಕನೋವಾ ಜಗದ್ಗುರುಗಳ ಪ್ರತಿನಿಧಿಯಾಗಿ ಪ್ಯಾರಿಸಿಗೆ ಹೋಗಿ, ಹೆಣಗಾಡಿ, ಆ ನೂರರಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಮರಳಿ ತಂದನು. ರೂಪಾಂತರದ ಚಿತ್ರವೂ ಬಂದಿತು. ಆದರೆ ಅದು ತನ್ನ ಬಲಿಪೀಠಕ್ಕೆ ಮರಳಲಿಲ್ಲ. ವ್ಯಾಟಿಕನ್ ಚಿತ್ರಶಾಲೆಗೆ ಸೇರಿತು, ಇಂದಿಗೂ ಅಲ್ಲಿಯೇ ಇದೆ. ಪ್ರಪಂಚದ ಜನರೆಲ್ಲ ಅದನ್ನು ನೋಡಿ ಸಂತೋಷಪಡುತ್ತಾರೆ, ನಿಜ. ಆದರೂ ಆ ಗುಡ್ಡದ ಮೇಲಿನ ಭಕ್ತರು ತಲೆಮಾರುಗಳಿಂದ ಯಾವುದರ ಮುಂದೆ ಮೊಣಕಾಲೂರಿದ್ದರೋ ಅದು ಅವರ ಪಾಲಿಗೆ ಇಲ್ಲವಾಯಿತು. ಒಮ್ಮೆ ಜಾಗ ಬಿಟ್ಟ ವಸ್ತು ಸಿಕ್ಕಿದರೂ ಪೂರ್ತಿಯಾಗಿ ಸಿಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಈ ಅನುಭವದಿಂದ ಹುಟ್ಟಿದ್ದು 1820ರ ಏಪ್ರಿಲ್ 7ರ ಪಕ್ಕಾ ಶಾಸನ. ಕಾರ್ಡಿನಲ್ ಬಾರ್ತೊಲೊಮಿಯೋ ಪಕ್ಕಾ ಅವರು ಜಗದ್ಗುರು ಏಳನೆಯ ಪಯಸ್ ಅವರೊಂದಿಗೆ ಫ್ರೆಂಚರ ಕೈಸೆರೆಯಾಗಿ, ಫೆನೆಸ್ತ್ರೆಲ್ಲೆ ಎಂಬ ಗುಡ್ಡದ ಕೋಟೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂಧನ ಅನುಭವಿಸಿದವರು. ಕಳೆದುಕೊಳ್ಳುವುದೆಂದರೇನೆಂದು ಬಲ್ಲವರು. ಅವರ ಶಾಸನವು ಅಪ್ಪಣೆಯಿಲ್ಲದೆ ಕಲಾಕೃತಿಗಳನ್ನು ಹೊರರಾಜ್ಯಕ್ಕೆ ಸಾಗಿಸುವುದನ್ನೂ, ಅನುಮತಿಯಿಲ್ಲದೆ ಭೂಮಿ ಅಗೆಯುವುದನ್ನೂ ನಿಷೇಧಿಸಿತು. ಅದಕ್ಕಿಂತ ಮುಖ್ಯವಾಗಿ, ಚರ್ಚು ಮಠಗಳ ಮೇಲ್ವಿಚಾರಕರೆಲ್ಲರೂ ತಮ್ಮ ವಶದಲ್ಲಿರುವ ಅಮೂಲ್ಯ ವಸ್ತುಗಳ ವಿವರವಾದ ಪಟ್ಟಿಯನ್ನು ಸಲ್ಲಿಸಬೇಕೆಂದು ವಿಧಿಸಿತು. ಅಂದರೆ ರೋಮಿನ ಧರ್ಮಸಭೆ ತನ್ನ ಗುರುಗಳನ್ನೇ ಮೊದಲು ಲೆಕ್ಕಕ್ಕೆ ಹಿಡಿಯಿತು. ಮುಂದೆ ಇಟಲಿ ದೇಶದ ಕಾನೂನುಗಳಿಗೆ ಇದೇ ಮಾದರಿಯಾಯಿತು. ಕದ್ದವನನ್ನು ಹಿಡಿಯುವುದಕ್ಕೆ ಮುಂಚೆ ನಮ್ಮಲ್ಲಿ ಏನಿತ್ತು ಎಂಬುದು ಗೊತ್ತಿರಬೇಕಲ್ಲವೆ?

ಬರೆದಿಡುವ ಈ ಪದ್ಧತಿ ಧರ್ಮಸಭೆಗೆ ಹೊಸದೇನೂ ಆಗಿರಲಿಲ್ಲ. 1563ರಲ್ಲಿ ತ್ರೆಂತ್ ಮಹಾಸಭೆಯು ವಿವಾಹದ ದಫ್ತರವನ್ನು ವಿಚಾರಣೆಯ ಗುರುಗಳು ಜತನದಿಂದ ಇಟ್ಟುಕೊಳ್ಳಬೇಕೆಂದು ಆಜ್ಞಾಪಿಸಿತ್ತು. 1614ರ ರೋಮನ್ ಪೂಜಾವಿಧಿ ಗ್ರಂಥವು ಇತರ ದಫ್ತರಗಳ ನಮೂನೆಯನ್ನೂ ಕೊಟ್ಟಿತು. ಇಂದು ನಮ್ಮ ಧರ್ಮಕೇಂದ್ರದ ಕಬ್ಬಿಣದ ಬೀರುವಿನಲ್ಲಿರುವ ಪುಸ್ತಕಗಳು ಅದೇ ಆಜ್ಞೆಯ ಸಂತಾನ.

ಬರೆದಿಟ್ಟ ಒಂದು ಸಾಲಿನ ಬೆಲೆ ಏನೆಂಬುದನ್ನು ನಮ್ಮ ನೆರೆಯ ಗೋವಾದ ಒಂದು ಘಟನೆಯಿಂದ ತಿಳಿಯಬಹುದು. ಹಳೆಯ ಗೋವಾದಲ್ಲಿ ಸಂತ ಅಗಸ್ಟೀನರ ಸಭೆಯವರ ಭವ್ಯ ದೇವಾಲಯವಿತ್ತು. 1835ರಲ್ಲಿ ಪೋರ್ಚುಗೀಸ್ ಸರ್ಕಾರವು ಸನ್ಯಾಸಿಗಳನ್ನು ಹೊರಹಾಕಿತು. ಕೇಳುವವರಿಲ್ಲದ ಕಟ್ಟಡದ ಕಮಾನು ಚಾವಣಿ ಏಳೇ ವರ್ಷದಲ್ಲಿ, 1842ರಲ್ಲಿ, ಕುಸಿದುಬಿತ್ತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಅಲ್ಲಿನ ಗಂಟೆ ಕೆಲಕಾಲ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿದ್ದು, 1871ರಲ್ಲಿ ಪಣಜಿಯ ಅಮಲೋದ್ಭವ ಮಾತೆಯ ದೇವಾಲಯ ಸೇರಿ ಇಂದಿಗೂ ಬಾರಿಸುತ್ತಿದೆ. ಈ ಹಾಳು ದೇವಾಲಯದಲ್ಲಿಯೇ ಜಾರ್ಜಿಯಾ ದೇಶದ ರಾಣಿ ಕೇತೆವಾನಳ ಅಸ್ಥಿಗಳಿದ್ದವು. ವಿಶ್ವಾಸವನ್ನು ತೊರೆಯಲೊಪ್ಪದೆ 1624ರಲ್ಲಿ ಪರ್ಷಿಯಾದಲ್ಲಿ ಪ್ರಾಣತೆತ್ತ ಆಕೆಯ ಅಸ್ಥಿಗಳನ್ನು ಅಗಸ್ಟೀನಿಯನ್ ಗುರುಗಳು ಗೋವೆಗೆ ತಂದು, ಅವುಗಳನ್ನಿಟ್ಟ ಕಲ್ಲಿನ ಪೆಟ್ಟಿಗೆ ಯಾವ ಮಂಟಪದ ಯಾವ ಕಿಟಕಿಯ ಬಳಿ ಇದೆಯೆಂದು ಬರೆದಿಟ್ಟಿದ್ದರು. ಗೋಡೆ ಬಿದ್ದಿತು, ಪೆಟ್ಟಿಗೆ ಒಡೆಯಿತು, ಬರಹ ಉಳಿಯಿತು. ಅದರ ಸುಳಿವು ಹಿಡಿದು ಪುರಾತತ್ವ ಇಲಾಖೆಯವರು ಮಣ್ಣು ಸರಿಸಿ ಅಸ್ಥಿಯನ್ನು ಕಂಡರು. ಹೈದರಾಬಾದಿನ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ವಂಶವಾಹಿ ಪರೀಕ್ಷೆಯಿಂದ ಅದಕ್ಕೆ ಬಲ ತಂದರು. 2021ರ ಜುಲೈಯಲ್ಲಿ ಭಾರತ ಸರ್ಕಾರವು ಆ ಅವಶೇಷದ ಒಂದು ಭಾಗವನ್ನು ಜಾರ್ಜಿಯಾದ ಜನರಿಗೆ ಗೌರವಪೂರ್ವಕವಾಗಿ ಒಪ್ಪಿಸಿತು. ಅಂದು ಲೇಖನಿ ಹಿಡಿದ ಆ ಅನಾಮಧೇಯ ಗುರುವಿಗೆ ತನ್ನ ಒಂದು ಸಾಲು ಮೂರು ಶತಮಾನಗಳ ಮೇಲೆ ಎರಡು ದೇಶಗಳನ್ನು ಹತ್ತಿರ ತರುವುದೆಂದು ತಿಳಿದಿತ್ತೇನು?

ಸರ್ಕಾರದ ರಕ್ಷಣೆ ದೊರೆತರೂ ತೊಡಕು ತಪ್ಪದೆಂಬುದಕ್ಕೆ ಅಲ್ಲಿಂದ ಕೂಗಳತೆಯಲ್ಲಿರುವ ಬೋಂ ಜೇಸುಸ್ ಬಸಿಲಿಕವೇ ಸಾಕ್ಷಿ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರವಿರುವ, 1605ರಲ್ಲಿ ಪ್ರತಿಷ್ಠಾಪಿತವಾದ ಈ ದೇವಾಲಯವು ಕೇಂದ್ರ ಇಲಾಖೆಯ ರಕ್ಷಿತ ಸ್ಮಾರಕ. 1986ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಗೋವಾದ ಚರ್ಚುಗಳಲ್ಲೊಂದು. 1950ರ ದಶಕದಲ್ಲಿ, ಪೋರ್ಚುಗೀಸರ ಆಳ್ವಿಕೆಯಿನ್ನೂ ಇದ್ದಾಗ, ಜೀರ್ಣೋದ್ಧಾರದ ಹೆಸರಿನಲ್ಲಿ ಅದರ ಹೊರಗೋಡೆಯ ಸುಣ್ಣದ ಗಾರೆಯನ್ನು ಕಿತ್ತುಹಾಕಿದರು. ಒಳಗಿನ ಕೆಂಪು ಜಂಬಿಟ್ಟಿಗೆ ಕಲ್ಲು ಹೊರಬಿತ್ತು. ನೋಡುವವರಿಗೆ ಅದೇ ಪುರಾತನವೆಂದು ತೋರಿತು. ಬಂದವರೆಲ್ಲ ಅದರ ಚಿತ್ರ ತೆಗೆದುಕೊಂಡರು. ಆದರೆ ಜಂಬಿಟ್ಟಿಗೆ ಸಣ್ಣ ರಂಧ್ರಗಳಿಂದ ತುಂಬಿದ ಮೃದುವಾದ ಕಲ್ಲು. ಪಶ್ಚಿಮ ಕರಾವಳಿಯ ಮಳೆಗೆ ಅದು ಕವಚವಿಲ್ಲದೆ ನಿಲ್ಲಲಾರದು. ಮತ್ತೆ ಗಾರೆ ಹಾಕಬೇಕೇ, ಈ ಕೆಂಪು ರೂಪವನ್ನೇ ಉಳಿಸಬೇಕೇ ಎಂಬ ಚರ್ಚೆ ಈಚಿನ ವರ್ಷಗಳಲ್ಲಿಯೂ ನಡೆದಿದೆ. ನಮ್ಮ ಅಭಿಪ್ರಾಯದಲ್ಲಿ ಗಾರೆಯ ಪಕ್ಷವೇ ಸರಿ. ಕಟ್ಟಿದವರು ಬುದ್ಧಿಯಿಲ್ಲದೆ ಗಾರೆ ಬಳಿದಿರಲಿಲ್ಲ.

ಇನ್ನು ಭಾರತದ ಕಾನೂನುಗಳನ್ನು ಕುರಿತು ಎರಡು ಮಾತು. ಲಾರ್ಡ್ ಕರ್ಜನ್ನನ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಮೊದಲ ಸಮಗ್ರ ಕಾಯ್ದೆ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರದ 1958ರ ಕಾಯ್ದೆ ಅದನ್ನು ವಿಸ್ತರಿಸಿತು. ಸಂರಕ್ಷಿತ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಒಗ್ಗದ ಕೆಲಸಕ್ಕೆ ಬಳಸಬಾರದೆಂದೂ, ಅದು ಅಪವಿತ್ರವಾಗದಂತೆ ನೋಡಿಕೊಳ್ಳಬೇಕೆಂದೂ ಅದರಲ್ಲಿ ವಿಧಿಯಿದೆ. 2010ರ ತಿದ್ದುಪಡಿಯು ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ವರೆಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ ಇನ್ನೂರು ಮೀಟರ್ ವರೆಗೆ ಅನುಮತಿಯನ್ನು ಕಡ್ಡಾಯ ಮಾಡಿತು. 1972ರ ಕಾಯ್ದೆಯು ಪುರಾತನ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದನ್ನು ಸಂಪೂರ್ಣವಾಗಿ ತಡೆದಿದೆ. ಸರ್ಕಾರ ಪ್ರಕಟಿಸಿದ ವರ್ಗದ ವಸ್ತುಗಳನ್ನು ನೋಂದಾಯಿಸಬೇಕೆಂದೂ ಹೇಳಿದೆ. ನಮ್ಮ ಭಕ್ತರು ಮುಖ್ಯವಾಗಿ ನೆನಪಿಡಬೇಕಾದದ್ದು ಇದನ್ನೇ. ಹಳೆಯ ಮರದ ಸ್ವರೂಪವನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆ, ಅದರ ಬದಲು ಹೊಸದನ್ನು ಮಾಡಿಸಿಕೊಡುತ್ತೇವೆ ಎಂದು ಬಾಗಿಲಿಗೆ ಬರುವ ಸಭ್ಯ ವ್ಯಾಪಾರಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅಂಥವರಿಗೆ ಚಹಾ ಕೊಟ್ಟು ಕಳುಹಿಸಿದರೆ ಸಾಕು.

ರಾಷ್ಟ್ರದ ಕಾನೂನು ಮುಟ್ಟದ ಕಡೆ ಧರ್ಮಸಭೆಯ ಕಾನೂನು ನಮ್ಮನ್ನು ಕಟ್ಟುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜಾವಿಧಿಯ ಸುಧಾರಣೆಯ ಉತ್ಸಾಹದಲ್ಲಿ ಜಗತ್ತಿನ ಅನೇಕ ಕಡೆ ಹಳೆಯ ಬಲಿಪೀಠಗಳನ್ನು ಒಡೆದರು, ಪ್ರಸಂಗಪೀಠಗಳನ್ನು ಕಿತ್ತರು, ಜರಿಯ ಪೂಜಾವಸ್ತ್ರಗಳನ್ನು ಮಾರಿದರು. ಮಹಾಸಭೆ ಹಾಗೆ ಹೇಳಿರಲಿಲ್ಲ. 1963ರ ಪೂಜಾವಿಧಿಯ ಸಂವಿಧಾನವೇ, ಬೆಲೆಬಾಳುವ ಪೂಜಾಸಾಮಗ್ರಿಗಳು ಪರರ ಪಾಲಾಗದಂತೆ, ಹಾಳಾಗದಂತೆ ಧರ್ಮಾಧ್ಯಕ್ಷರು ಎಚ್ಚರವಹಿಸಬೇಕೆಂದು ವಿಧಿಸಿತ್ತು. 1971ರಲ್ಲಿ ರೋಮಿನ ಗುರುವರ್ಗದ ಆಡಳಿತ ಮಂಡಳಿಯು ಈ ಹಾನಿಯನ್ನು ಕಂಡು ವಿಷಾದದಿಂದ ಒಂದು ಸುತ್ತೋಲೆಯನ್ನೇ ಹೊರಡಿಸಬೇಕಾಯಿತು.

ನಾವು ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ 1983ರ ಧರ್ಮಸಭಾ ಕಾನೂನು ಸಂಹಿತೆ ಇನ್ನೂ ಹೊಸದು. ಪುಟಗಳ ಅಂಟು ವಾಸನೆಯೂ ಹೋಗಿರಲಿಲ್ಲ. ಅದರ 1189ನೆಯ ವಿಧಿಯ ಪ್ರಕಾರ ಪುರಾತನತೆಯಿಂದಾಗಲಿ ಕಲೆಯಿಂದಾಗಲಿ ಭಕ್ತಿಯಿಂದಾಗಲಿ ಅಮೂಲ್ಯವೆನಿಸಿದ ಸ್ವರೂಪಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಬಾರದು. ಅವರೂ ತಜ್ಞರನ್ನು ಕೇಳದೆ ಅನುಮತಿ ಕೊಡಬಾರದು. ಹರಕೆಯಾಗಿ ಬಂದ ವಸ್ತುವನ್ನಾಗಲಿ, ಕಲೆ ಅಥವಾ ಚರಿತ್ರೆಯ ದೃಷ್ಟಿಯಿಂದ ಅಮೂಲ್ಯವಾದುದನ್ನಾಗಲಿ ಪರಭಾರೆ ಮಾಡಲು ರೋಮಿನ ಒಪ್ಪಿಗೆ ಬೇಕೆಂದು 1292ನೆಯ ವಿಧಿ ಹೇಳುತ್ತದೆ. ಹಳೆಯ ದಫ್ತರಗಳನ್ನು ಜೋಪಾನ ಮಾಡಬೇಕೆಂದು 535ನೆಯ ವಿಧಿ. ಇವೆಲ್ಲಕ್ಕೂ ಬುನಾದಿಯಾಗಿ 1283ನೆಯ ವಿಧಿ ಇದೆ: ಆಡಳಿತ ವಹಿಸಿಕೊಳ್ಳುವವರು ಸೊತ್ತಿನ ನಿಖರವಾದ ಪಟ್ಟಿ ಮಾಡಿ ಸಹಿ ಹಾಕಬೇಕು, ಒಂದು ಪ್ರತಿ ಇಲ್ಲಿ, ಇನ್ನೊಂದು ಪ್ರತಿ ಧರ್ಮಾಧ್ಯಕ್ಷರ ಕಾರ್ಯಾಲಯದಲ್ಲಿ ಇರಬೇಕು, ಬದಲಾವಣೆಯಾದಾಗಲೆಲ್ಲ ಎರಡರಲ್ಲಿಯೂ ಗುರುತಿಸಬೇಕು. ಕಾರ್ಡಿನಲ್ ಪಕ್ಕಾ ಅವರ ಪಟ್ಟಿಯೇ ಹೀಗೆ ನಮ್ಮ ಸಕ್ರಿಸ್ತಿ ಕೋಣೆಯವರೆಗೆ ನಡೆದುಬಂದಂತಾಯಿತು. 1999ರಲ್ಲಿ ಧರ್ಮಸಭೆಯ ಸಾಂಸ್ಕೃತಿಕ ಸೊತ್ತಿನ ಆಯೋಗವು ಪಟ್ಟಿ ತಯಾರಿಸುವ ಬಗೆಯನ್ನು ವಿವರಿಸಿ ಮತ್ತೊಂದು ಸುತ್ತೋಲೆ ಕಳುಹಿಸಿತು. ಇಷ್ಟೆಲ್ಲ ಆದರೂ ಪಟ್ಟಿಯಿಲ್ಲದ ಧರ್ಮಕೇಂದ್ರಗಳು ಎಷ್ಟೋ ಇವೆ.

ನಮ್ಮ ನಾಡಿನಲ್ಲಿಯೇ ಎರಡು ಉದಾಹರಣೆಗಳನ್ನು ಕಾಣಬಹುದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಚಾವಣಿಗಳನ್ನೆಲ್ಲ ಯೇಸುಸಭೆಯ ಸಹೋದರ ಆಂತೋನಿಯೋ ಮೊಸ್ಕೇನಿಯವರು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದರು. ಕರಾವಳಿಯ ತೇವಕ್ಕೆ ಅವು ಮಂಕಾದಾಗ, ಊರಿನ ಬಣ್ಣದವರನ್ನು ಕರೆಸದೆ, 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರ ಕೈಯಿಂದ ಶುದ್ಧಗೊಳಿಸಲಾಯಿತು. ಹಳೆಯದರ ಮೇಲೆ ಹೊಸದನ್ನು ಬಳಿಯದೆ, ಹಳೆಯದನ್ನೇ ಉಳಿಸಿದರು. ಮತ್ತೊಂದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿದ ಇದು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಜನ ಬೇರೆಡೆಗೆ ಹೋದರು. ಚಾವಣಿಯಿಲ್ಲದ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಮೇಲೇಳುತ್ತವೆ. ದೂರದೂರದಿಂದ ಜನ ಬಂದು ಮುಳುಗುವ ಚರ್ಚೆಂದು ಬೆರಗಾಗಿ ಛಾಯಾಚಿತ್ರ ತೆಗೆಯುತ್ತಾರೆ. ನಮಗಾದರೋ ಅಲ್ಲಿ ಜ್ಞಾನಸ್ನಾನ ಪಡೆದವರ, ಅಲ್ಲಿ ಮಣ್ಣಾದವರ ನೆನಪಾಗುತ್ತದೆ. ಅಣೆಕಟ್ಟು ರೈತರಿಗೆ ನೀರು ಕೊಟ್ಟಿದೆ. ಅದನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ನಮ್ಮ ದೇವಾಲಯದ ಮುಂದೆ ಯಾವ ಅಣೆಕಟ್ಟೂ ಇಲ್ಲವೆಂಬುದನ್ನು ಭಕ್ತಾದಿಗಳು ಮರೆಯಬಾರದು.

ಈ ಮಾತನ್ನು ಏಕೆ ಹೇಳಬೇಕಾಯಿತೆಂದರೆ, ಶತಮಾನೋತ್ಸವದ ಅಂಗವಾಗಿ ಹೆಂಚಿನ ಮಾಡನ್ನು ತೆಗೆದು ಕಾಂಕ್ರೀಟು ಹಾಕಬೇಕು, ಗೋಡೆಗಳಿಗೆ ಸಿಮೆಂಟು ಗಾರೆ ಮಾಡಿಸಬೇಕು, ಹಳೆಯ ಮರದ ಬಲಿಪೀಠವನ್ನು ತೆಗೆದು ಗ್ರಾನೈಟಿನದನ್ನು ಕೂರಿಸಬೇಕು ಎಂಬ ಸಲಹೆ ಪಾಲನಾ ಸಮಿತಿಯ ಮುಂದಿದೆ. ಸಲಹೆ ಕೊಟ್ಟವರು ದೇವಾಲಯದ ಮೇಲಿನ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಹಣ ಕೊಡಲೂ ಸಿದ್ಧರಿದ್ದಾರೆ. ಮಾಡು ಸೋರುತ್ತಿರುವುದೂ ನಿಜ. ಆದರೆ ಸುಣ್ಣದಿಂದ ಕಟ್ಟಿದ ಗೋಡೆ ನೆಲದ ತೇವವನ್ನು ಹೀರಿ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆಯನ್ನೇ ತಿನ್ನುತ್ತದೆ. ಕಾಂಕ್ರೀಟಿನ ಭಾರಕ್ಕೆ ಆ ಗೋಡೆಗಳನ್ನು ಕಟ್ಟಿಲ್ಲ. ಒಡೆದ ಹೆಂಚುಗಳನ್ನು ಬದಲಿಸಿ, ಗೆದ್ದಲು ತಿಂದ ಪಕಾಸಿಗಳನ್ನು ತೆಗೆದು ಹೊಸದನ್ನು ಹಾಕಿಸಿದರೆ ಸೋರುವುದು ನಿಲ್ಲುತ್ತದೆ. ಬಲಿಪೀಠದ ಮೇಲೆ ಯಾವಾಗಲೋ ಬಳಿದ ಎನಾಮಲ್ ಬಣ್ಣದ ಅಡಿಯಲ್ಲಿ ಹೊನ್ನಿನ ರೇಕು ಇನ್ನೂ ಕೆಲವೆಡೆ ಮಿನುಗುತ್ತಿದೆ. ಅದನ್ನು ತಜ್ಞರಿಗೆ ತೋರಿಸದೆ ಮುಟ್ಟಲು ನಮಗೆ ಅಧಿಕಾರವಿಲ್ಲ, ಸಮಿತಿಗೂ ಇಲ್ಲ.

ಆದುದರಿಂದ ಕೆಲಸವನ್ನು ಪಟ್ಟಿಯಿಂದಲೇ ಆರಂಭಿಸಿದ್ದೇವೆ. ಯುವಜನ ಸಂಘದ ಮೂವರು, ಹಿರಿಯ ಉಪದೇಶಿಗಳು ಮತ್ತು ನಾವು ಸೇರಿ ಪ್ರತಿ ಶನಿವಾರ ಮಧ್ಯಾಹ್ನ ಸಕ್ರಿಸ್ತಿ ಕೋಣೆಯ ಬೀರುಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೇವೆ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಅಳತೆ, ಯಾವುದರಿಂದ ಮಾಡಿದ್ದು, ಯಾರು ಕೊಟ್ಟದ್ದು, ಮೇಲಿನ ಬರಹ ಏನು, ಎಲ್ಲಿ ಒಡೆದಿದೆ ಎಂಬ ವಿವರ, ಜೊತೆಗೆ ಅಳತೆಪಟ್ಟಿ ಇಟ್ಟು ತೆಗೆದ ಛಾಯಾಚಿತ್ರ. 2005ರಲ್ಲಿ ತಂಜಾವೂರಿನ ಸರಸ್ವತಿ ಮಹಲಿನಿಂದ ಕಳುವಾದ 1715ರ ತಮಿಳು ಬೈಬಲ್ ಲಂಡನ್ನಿನ ಸಂಗ್ರಹವೊಂದರಲ್ಲಿ ಇದೆಯೆಂದು 2022ರಲ್ಲಿ ತಮಿಳುನಾಡಿನ ಪೊಲೀಸರು ಪತ್ತೆಹಚ್ಚಿದರು. ಅದರ ಗುರುತುಗಳು ದಾಖಲಾಗಿರದಿದ್ದರೆ ಇದು ನಮ್ಮದೇ ಎಂದು ಹೇಳುವ ಬಗೆ ಹೇಗೆ? ದಫ್ತರಗಳಿಗೆ ಪ್ಲಾಸ್ಟಿಕ್ ಹೊದಿಸುವುದು ಬೇಡ, ಅಂಟುಪಟ್ಟಿಯೂ ಬೇಡ. ಅವು ಕಾಗದವನ್ನು ಹಾಳುಮಾಡುತ್ತವೆ. ಶುದ್ಧವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಟ್ಟಿದ್ದೇವೆ.

ಒಂದು ವಿಜ್ಞಾಪನೆ. ಹಿಂದೆ ದೇವಾಲಯದ ದುರಸ್ತಿಯ ಸಮಯದಲ್ಲಿ ಕೆಲವು ವಸ್ತುಗಳನ್ನು ಜೋಪಾನಕ್ಕೆಂದು ಭಕ್ತರ ಮನೆಗಳಿಗೆ ಕೊಟ್ಟಿದ್ದರೆಂದು ಹಿರಿಯರು ಹೇಳುತ್ತಾರೆ. ಹಿತ್ತಾಳೆಯ ಎರಡು ದೀಪದ ಕಂಬಗಳು, ತೇರಿನ ಮೇಲಿದ್ದ ಮರದ ದೇವದೂತ, ಹಳೆಯ ಹಾರ್ಮೋನಿಯಂ, ಲತೀನ್ ಪೂಜಾಗ್ರಂಥ ಎಂದು ನಾಲ್ಕು ಹೆಸರುಗಳು ನಮ್ಮ ಕಿವಿಗೆ ಬಿದ್ದಿವೆ. ಯಾರ ಮನೆಯಲ್ಲಾದರೂ ಇದ್ದರೆ, ಹಿಂದಿರುಗಿಸಲು ಮನಸ್ಸಿಲ್ಲದಿದ್ದರೂ ಚಿಂತೆಯಿಲ್ಲ, ಒಂದು ಭಾನುವಾರ ಬಲಿಪೂಜೆಯ ನಂತರ ತಂದು ತೋರಿಸಲಿ. ಅಳತೆ ತೆಗೆದು, ಚಿತ್ರ ಹಿಡಿದು, ಕೊಟ್ಟ ಕುಟುಂಬದ ಹೆಸರನ್ನು ಎದುರಿಗೆ ಬರೆದು ಅಂದೇ ಹಿಂದಕ್ಕೆ ಕೊಡುತ್ತೇವೆ. ಪಟ್ಟಿಯ ಸಂಖ್ಯೆ ಸದ್ಯಕ್ಕೆ 143ರಲ್ಲಿ ನಿಂತಿದೆ. ಮೂರನೆಯ ಬೀರು ಇನ್ನೂ ತೆರೆದಿಲ್ಲ, ಬೀಗದ ಕೈ ಹುಡುಕುತ್ತಿದ್ದೇವೆ.